ಯಾರ ಮನಿ ಕೊಟ್ರೇಶ?

ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಏ ಕೊಟ್ರೇಶಾ" ಅಂತ ಒಂದು ಸಲ ಜೋರಾಗಿ ಕೂಗಿ ನೋಡಿ. ಕಡಿಮೆ ಅಂದ್ರೂ ನಾಲ್ಕು ಜನ ತಿರುಗಿ ನೋಡ್ತಾರೆ. ಕೊಟ್ಟೂರು ಬಸವೇಶ್ವರರ ಹೆಸರನ್ನು ಮಕ್ಕಳಿಗೆ ಇಡೋದು ನಮ್ಮ ಕಡೆ ಅಷ್ಟು ಸಾಮಾನ್ಯ. ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಇಲ್ಲದ ಹಾಜರಿ ಪುಸ್ತಕವೇ ಇಲ್ಲ. ಹಾಗಾಗಿ ನಮ್ಮೂರ ಕಡೆ ಯಾರೂ ಬರೀ ಹೆಸರು ಕೇಳಿ ಸುಮ್ಮನಾಗಲ್ಲ. ಮುಂದಿನ ಪ್ರಶ್ನೆ ಬಂದೇ ಬರುತ್ತೆ: "ಯಾರ ಮನಿ ಕೊಟ್ರೇಶ? ಯಾವ ಓಣಿ?"

ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಈ ಪ್ರಶ್ನೆಯನ್ನು ನಾವು ಲ್ಯಾಪ್‌ಟಾಪ್‌ಗೆ ಮಾತ್ರ ಕೇಳಲಿಲ್ಲ. ಅದರಿಂದ ಏನು ಕಳ್ಕೊಂಡ್ವಿ ಅನ್ನೋದೇ ಈ ಬರಹ.

ನಾವು ಅಂದ್ರೆ ಮೂವರು. ಹಾಸ್ಟೆಲ್‌ನಲ್ಲಿ ಒಂದೇ ರೂಮು. ಒಬ್ಬ ಕೂಡ್ಲಿಗಿ, ಒಬ್ಬ ಕೊಟ್ಟೂರು, ಒಬ್ಬ ಹರಪನಹಳ್ಳಿ. ಹಾಸ್ಟೆಲ್‌ನಲ್ಲಿ ನಮ್ಮನ್ನ ಕರೆಯೋದೂ ಹಾಗೇ, ಊರ ಹೆಸರಿಂದಲೇ. ಲ್ಯಾಪ್‌ಟಾಪ್ ಲೆಕ್ಕಕ್ಕೆ ಕೊಟ್ಟೂರಿನದು, ಬಳಕೆಗೆ ಮೂವರದ್ದೂ. ಸೆಕೆಂಡ್ ಹ್ಯಾಂಡ್ ಮಾಲು. ಒಳಗೆ 128 ಜಿಬಿಯ ಒಂದು ಎಸ್‌ಎಸ್‌ಡಿ, ಅದು ಸಿ ಡ್ರೈವ್. ಜೊತೆಗೆ 1 ಟಿಬಿಯ ಒಂದು ಹಳೇ ಹಾರ್ಡ್ ಡಿಸ್ಕ್, ಅದನ್ನ ಡಿ ಮತ್ತು ಇ ಅಂತ ಎರಡು ಪಾರ್ಟಿಶನ್ ಮಾಡಿದ್ರು. ಇಂಥ ಲ್ಯಾಪ್‌ಟಾಪ್ ಇಟ್ಕೊಂಡವರಿಗೆಲ್ಲ ಗೊತ್ತು, ಮೂರನೇ ಸೆಮಿಸ್ಟರ್ ಹೊತ್ತಿಗೆ ಸಿ ಡ್ರೈವ್‌ನ ಗೆರೆ ಕೆಂಪಾಗುತ್ತೆ. ನಮ್ಮದೂ ಆಗಿತ್ತು.

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮೂವರೂ ಕೂಡ್ಲಿಗಿಯವನ ಮನೆಗೆ ಹೋಗಿದ್ವಿ. ಹೊಸಪೇಟೆಯಿಂದ ಹೆದ್ದಾರಿ 50ರಲ್ಲಿ ಬಸ್ಸು, ಕೂಡ್ಲಿಗಿಯಲ್ಲಿ ಇಳಿದು ಗುಡೇಕೋಟೆ ಕಡೆ ಹೋಗೋ ಟಂಟಂ. ಬಂಡೆಗುಡ್ಡ, ಹುಣಸೆಮರ, ಶೇಂಗಾ ಹೊಲ. ಅಲ್ಲಿನ ಒಂದು ಹಳ್ಳಿ. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ "ನಿಮ್ಮೂರಿನ ಪದ" ಅಂತ ಕಾರ್ಯಕ್ರಮ ಇಟ್ಟಿದ್ರಲ್ಲ, ಅದಕ್ಕೆ ಅವನ ಅಜ್ಜಿಯ ಹತ್ರ ಪದ ಹಾಡಿಸ್ಕೊಂಡು ಬರೋದು ಅಂತ ಪ್ಲಾನು. ಬೀಸೋ ಪದ, ಸೋಬಾನೆ ಪದ, ಜೋಕುಮಾರನ ಪದ, ಹೀಗೆ ಅಜ್ಜಿಗೆ ಬರ್ತಿದ್ದ ಪದಗಳಿಗೆ ಲೆಕ್ಕ ಇರಲಿಲ್ಲ. "ಈಗ ಬೀಸೋದೇ ಇಲ್ಲ, ಪದ ಯಾಕ್ರೋ" ಅಂತ ಮೊದಲು ಬೈದಳು. ಆಮೇಲೆ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಕೂತಳು.

ಮೊದಲ ದಿನ ಕೂಡ್ಲಿಗಿಯವನ ಫೋನಲ್ಲಿ ರೆಕಾರ್ಡ್ ಮಾಡಿದ್ವಿ. 9 ಫೈಲ್. ಅದರಲ್ಲಿ ಆರನೆಯದು ಹಾಡೇ ಅಲ್ಲ. ಪದದ ನಡುವೆ ಅಜ್ಜಿ ನಿಲ್ಲಿಸಿ, ಫೋನ್ ಕಡೆ ಬಗ್ಗಿ, "ಇದರಾಗ ನನ್ನ ದನಿ ಕೂತೈತೇನ್ರೋ?" ಅಂತ ಕೇಳಿದ್ದಳು. "ಕೂತೈತಿ ಅಜ್ಜಿ, ಎಲ್ಲಿಗೂ ಹೋಗಲ್ಲ" ಅಂದಿದ್ವಿ. "ನಾನು ಹೋದರೂ?" ಅಂದಳು. "ನೀ ಎಲ್ಲಿಗೆ ಹೋಗ್ತಿ ಬಿಡು" ಅಂತ ನಕ್ಕಿದ್ವಿ. ಆ ನಗುವೂ ಅದರಲ್ಲೇ ರೆಕಾರ್ಡ್ ಆಗಿತ್ತು.

ಆ ರಾತ್ರಿ ಫೋನಿನಿಂದ ಲ್ಯಾಪ್‌ಟಾಪ್‌ನ ಮ್ಯೂಸಿಕ್ ಫೋಲ್ಡರ್‌ಗೆ 9 ಫೈಲ್ ಹಾಕಿದ್ವಿ. ಅದು ಸಿ ಡ್ರೈವ್‌ನ ಮ್ಯೂಸಿಕ್. ಎರಡನೇ ದಿನ ಕೂಡ್ಲಿಗಿಯವನ ಫೋನ್ ಚಾರ್ಜ್ ಇರಲಿಲ್ಲ, ಕರೆಂಟೂ ಇರಲಿಲ್ಲ. ಕೊಟ್ಟೂರಿನವನ ಫೋನಲ್ಲಿ ರೆಕಾರ್ಡ್ ಮಾಡಿದ್ವಿ. 13 ಫೈಲ್. ಅವು ಫೋನಲ್ಲೇ ಉಳಿದ್ವು, ಹಾಸ್ಟೆಲ್‌ಗೆ ಹೋಗಿ ಹಾಕಿದ್ರಾಯ್ತು ಅಂತ.

ಇಲ್ಲಿ ಒಂದು ಸಣ್ಣ ವಿಷಯ. ಎರಡೂ ಫೋನಿನ ರೆಕಾರ್ಡರ್ ಆ್ಯಪ್ ಒಂದೇ. ಹೆಸರು ಕೊಡದಿದ್ರೆ ಅದೇ "ರೆಕಾರ್ಡಿಂಗ್ 1, ರೆಕಾರ್ಡಿಂಗ್ 2" ಅಂತ ಇಟ್ಕೊಂಡು ಹೋಗುತ್ತೆ. ಕೂಡ್ಲಿಗಿಯವನ ಫೋನಲ್ಲಿ ಒಂದರಿಂದ ಒಂಬತ್ತು. ಕೊಟ್ಟೂರಿನವನ ಫೋನಲ್ಲಿ ಒಂದರಿಂದ ಹದಿಮೂರು. ಆಗ ನಮಗೆ ಇದು ವಿಷಯ ಅಂತಲೇ ಅನ್ನಿಸಲಿಲ್ಲ.

ಹಾಸ್ಟೆಲ್‌ಗೆ ವಾಪಸ್ ಬಂದ್ವಿ. ಐದನೇ ಸೆಮಿಸ್ಟರ್‌ಗೆ ಲ್ಯಾಬ್ ಸಾಫ್ಟ್‌ವೇರ್ ಹಾಕ್ಬೇಕು, ಸಿ ಡ್ರೈವ್‌ನಲ್ಲಿ ಜಾಗ ಇಲ್ಲ. ಸೀನಿಯರ್ ಒಬ್ಬರು ಉಪಾಯ ಹೇಳಿಕೊಟ್ರು: ಮ್ಯೂಸಿಕ್, ಡಾಕ್ಯುಮೆಂಟ್ಸ್ ಇಂಥ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಅನ್ನೋ ಟ್ಯಾಬ್‌ಗೆ ಹೋಗಿ, ಡಿ ಡ್ರೈವ್ ತೋರಿಸಿದ್ರೆ ಆಯ್ತು. ಉಪಾಯ ಸರಿಯಾಗೇ ಇತ್ತು. ನಾವು ಡಿ ಡ್ರೈವ್‌ನಲ್ಲಿ "ಅಜ್ಜಿ ಪದ" ಅಂತ ಕನ್ನಡದಲ್ಲೇ ಒಂದು ಫೋಲ್ಡರ್ ಮಾಡಿ, ಮ್ಯೂಸಿಕ್‌ನ ಲೊಕೇಶನ್ ಅಲ್ಲಿಗೆ ತೋರಿಸಿದ್ವಿ. ಆಗ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತೆ: ಹಳೇ ಜಾಗದಲ್ಲಿರೋ ಫೈಲ್‌ಗಳನ್ನೂ ಹೊಸ ಜಾಗಕ್ಕೆ ಸಾಗಿಸಲೇ? ಊಟದ ಬೆಲ್ ಹೊಡೆದಿತ್ತು. ಸಾಗಿಸೋಕೆ ಹೊತ್ತಾಗುತ್ತೆ ಅಂತ "ನೋ" ಒತ್ತಿ ಮೆಸ್‌ಗೆ ಓಡಿದ್ವಿ. ಬಂದು ಎರಡನೇ ದಿನದ 13 ಫೈಲ್‌ಗಳನ್ನು ಮ್ಯೂಸಿಕ್‌ಗೆ ಹಾಕಿದ್ವಿ. ಅವು ಈಗ ಡಿ ಡ್ರೈವ್‌ಗೆ ಹೋದ್ವು. ಹಳೇ 9 ಸಿ ಡ್ರೈವ್‌ನಲ್ಲೇ ಕೂತಿದ್ವು.

ಶ್ರಾವಣದಲ್ಲಿ ಅಜ್ಜಿ ಹೋದಳು. ಮೂವರೂ ಮಣ್ಣಿಗೆ ಹೋಗಿದ್ವಿ. "ಪದ ಇಟ್ಕೊಂಡೀರಲ್ಲ, ಜೋಪಾನ" ಅಂದಿದ್ಳು ಕೂಡ್ಲಿಗಿಯವನ ಅಕ್ಕ. ಹೂಂ ಅಂದಿದ್ವಿ.

ಗಣೇಶನ ಹಬ್ಬ ಆದ ಮೇಲೆ ಮತ್ತೆ ಸಿ ಡ್ರೈವ್ ಕೆಂಪು. ಈ ಸಲ ಕೂತು ಕ್ಲೀನ್ ಮಾಡೇಬಿಡೋಣ ಅಂತ ರಾತ್ರಿ ಹನ್ನೊಂದಕ್ಕೆ ಶುರು ಮಾಡಿದ್ವಿ. ನೋಡಿದ್ರೆ ವಿಚಿತ್ರ. ಡಿ ಡ್ರೈವ್‌ನಲ್ಲಿ "ಅಜ್ಜಿ ಪದ" ಅನ್ನೋ ಫೋಲ್ಡರೇ ಇಲ್ಲ! ಅದರ ಬದಲು ಮ್ಯೂಸಿಕ್ ಅನ್ನೋ ಫೋಲ್ಡರ್ ಎರಡು, ಅಕ್ಕಪಕ್ಕ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರೋಕೆ ಸಾಧ್ಯವೇ ಇಲ್ಲ ಅಂತ ಆಪರೇಟಿಂಗ್ ಸಿಸ್ಟಮ್ ಕ್ಲಾಸಲ್ಲಿ ಓದಿದ್ವಿ. ಇಲ್ಲಿ ಕಣ್ಣೆದುರಿಗೇ ಎರಡಿದ್ವು. ಒಂದನ್ನು ತೆಗೆದ್ರೆ ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದ ಸಿನಿಮಾ ಹಾಡು. ಇನ್ನೊಂದರಲ್ಲಿ ಅಜ್ಜಿಯ ರೆಕಾರ್ಡಿಂಗ್ 1ರಿಂದ 13. ಸಿ ಡ್ರೈವ್‌ಗೆ ಹೋದ್ರೆ ಅಲ್ಲಿ ಮೂರನೇ ಮ್ಯೂಸಿಕ್. ಅದರಲ್ಲಿ ರೆಕಾರ್ಡಿಂಗ್ 1ರಿಂದ 9.

ನಮ್ಮ ತರ್ಕ ಹೀಗೆ ಹೋಯ್ತು: ಸಾಗಿಸುವಾಗ ಏನೋ ಎಡವಟ್ಟಾಗಿದೆ. ಡಿಯಲ್ಲಿ 13 ಪೂರ್ತಿ ಇವೆ. ಸಿಯಲ್ಲಿ ಅವೇ 9 ಅರ್ಧಂಬರ್ಧ ಕಾಪಿ ಉಳಿದಿದೆ. ಜಾಗ ಬೇಕಾಗಿರೋದು ಸಿಯಲ್ಲಿ. ತೆಗೆದುಬಿಡೋಣ.

ಆದರೂ ಜವಾಬ್ದಾರಿ ಇದೆ ಅಂತ ತೋರಿಸ್ಕೊಳ್ಳೋಕೆ ಮೊದಲು ಸಿಯ 9ನ್ನೂ ಕಾಪಿ ಮಾಡಿ ಡಿಯಲ್ಲಿ ಪೇಸ್ಟ್ ಮಾಡಿದ್ವಿ. ಕಂಪ್ಯೂಟರ್ ತಡೀತು. ಇದೇ ಹೆಸರಿನ 9 ಫೈಲ್ ಇಲ್ಲಿ ಆಗಲೇ ಇವೆ, ಬದಲಾಯಿಸಲೇ, ಬಿಟ್ಟುಬಿಡಲೇ, ಇಲ್ಲಾ ಒಂದೊಂದನ್ನೂ ನೀವೇ ನೋಡಿ ನಿರ್ಧರಿಸ್ತೀರಾ ಅಂತ ಮೂರು ದಾರಿ ತೋರಿಸ್ತು. ಮೂರನೆಯದನ್ನು ಒತ್ತಿದ್ರೆ ಎರಡೂ ಕಡೆಯ ಫೈಲ್‌ಗಳ ತಾರೀಖು, ಸೈಜು ಅಕ್ಕಪಕ್ಕ ಕಾಣ್ತಿತ್ತು. ಒಂದು ದಿನದ ವ್ಯತ್ಯಾಸ ಅಲ್ಲೇ ಸಿಗ್ತಿತ್ತು. ನಾವು "ಸ್ಕಿಪ್" ಒತ್ತಿದ್ವಿ. "ನೋಡ್ರಿ, ಆಗಲೇ ಇದಾವಂತೆ" ಅಂತ ಸಮಾಧಾನ ಬೇರೆ. ಆಮೇಲೆ ಸಿಯ 9ನ್ನೂ ಸೆಲೆಕ್ಟ್ ಮಾಡಿ ಶಿಫ್ಟ್ ಡಿಲೀಟ್. ರೀಸೈಕಲ್ ಬಿನ್‌ಗೂ ಹೋಗದ ಹಾಗೆ. ಕೀ ಒತ್ತಿದ್ದು ಯಾರು ಅಂತ ಇಲ್ಲಿ ಬರೆಯಲ್ಲ. ಮೂವರೂ ಸ್ಕ್ರೀನ್ ಮುಂದೆ ಇದ್ವಿ, ಮೂವರೂ ತಲೆ ಆಡಿಸಿದ್ವಿ.

ಗೊತ್ತಾಗಿದ್ದು ಅಕ್ಟೋಬರ್ ಕೊನೇ ವಾರ. ರಾಜ್ಯೋತ್ಸವಕ್ಕೆ ಯಾವ ಪದ ಹಾಕೋದು ಅಂತ ಆರಿಸೋಕೆ ಕೂತ್ವಿ. "ಬೀಸೋ ಪದ ಮೂರನೆಯದು" ಅಂತ ನೋಟ್‌ಬುಕ್‌ನಲ್ಲಿ ಬರ್ಕೊಂಡಿದ್ವಿ. ರೆಕಾರ್ಡಿಂಗ್ 3 ಹಾಕಿದ್ರೆ ಜೋಕುಮಾರನ ಪದ ಬಂತು. ಆರು ಹಾಕಿದ್ವಿ. ಅಜ್ಜಿ ಏನೂ ಕೇಳಲಿಲ್ಲ, ಸುಮ್ಮನೆ ಹಾಡ್ತಾ ಇದ್ಳು. ಕೂಡ್ಲಿಗಿಯವನು ಒಂದರಿಂದ ಹದಿಮೂರರವರೆಗೆ ಒಂದೊಂದೇ ಒತ್ತುತ್ತಾ ಹೋದ. ಯಾರೂ ಮಾತಾಡಲಿಲ್ಲ. ಎಲ್ಲವೂ ಎರಡನೇ ದಿನದ್ದು.

ಆ ರಾತ್ರಿ ಹುಡುಕಾಟ ಶುರುವಾಯ್ತು. ಅವತ್ತು ಕಲಿತದ್ದನ್ನ ಕ್ರಮವಾಗಿ ಬರೀತೀವಿ. ನಿಮ್ಮ ರೂಮಲ್ಲೂ ಇಂಥದ್ದು ಆಗಬಹುದು.

ಮೊದಲ ಒಗಟು: ಒಂದೇ ಜಾಗದಲ್ಲಿ ಎರಡು ಮ್ಯೂಸಿಕ್ ಹೇಗೆ ಬಂದ್ವು? ಉತ್ತರ: ಬಂದೇ ಇರಲಿಲ್ಲ. ನಾವು ಯಾವುದಾದ್ರೂ ಫೋಲ್ಡರನ್ನು ಮ್ಯೂಸಿಕ್‌ನ ಹೊಸ ಜಾಗ ಅಂತ ತೋರಿಸಿದಾಗ ವಿಂಡೋಸ್ ಅದರೊಳಗೆ ಡೆಸ್ಕ್‌ಟಾಪ್ ಡಾಟ್ ಐಎನ್‌ಐ ಅನ್ನೋ ಸಣ್ಣ ಫೈಲೊಂದನ್ನ ಬಚ್ಚಿಡುತ್ತೆ. ಆ ಫೈಲಿನೊಳಗಿನ ಒಂದು ಸಾಲು ಹೇಳೋದು ಇಷ್ಟೇ: ಈ ಫೋಲ್ಡರನ್ನು ತೋರಿಸುವಾಗ ಅದರ ನಿಜ ಹೆಸರು ತೋರಿಸಬೇಡ, ಶೆಲ್32 ಅನ್ನೋ ಡಿಎಲ್‌ಎಲ್ ಒಳಗಿರೋ ಇಂಥ ನಂಬರಿನ ಹೆಸರು ತೋರಿಸು. ಹಾಗಾಗಿ ಡಿಸ್ಕ್ ಮೇಲೆ "ಅಜ್ಜಿ ಪದ" ಅಂತಲೇ ಇದ್ದ ಫೋಲ್ಡರ್, ಕಿಟಕಿಯಲ್ಲಿ ಮ್ಯೂಸಿಕ್ ಅಂತ ಕಾಣ್ತಿತ್ತು. ಮನೆಯಲ್ಲಿ ಕರೆಯೋ ಹೆಸರು ಒಂದು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿರೋದು ಒಂದು ಇರುತ್ತಲ್ಲ, ಹಾಗೆ.

ನಿಜ ಹೆಸರು ನೋಡ್ಬೇಕು ಅಂದ್ರೆ ಎಕ್ಸ್‌ಪ್ಲೋರರ್‌ನ ಮೇಲಿನ ಅಡ್ರೆಸ್ ಪಟ್ಟಿಯ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ, ಪೂರ್ತಿ ವಿಳಾಸ ಬರುತ್ತೆ. ಇಲ್ಲಾ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಐಆರ್ ಕೊಡಿ. ನಾವು ಡಿಐಆರ್ ಕೊಟ್ವಿ. ಆ ಕಪ್ಪು ಕಿಟಕಿಗೆ ಕನ್ನಡ ಬರಲ್ಲ. "ಅಜ್ಜಿ ಪದ" ಇದ್ದ ಜಾಗದಲ್ಲಿ ಸಾಲಾಗಿ ನಾಲ್ಕಾರು ಖಾಲಿ ಚೌಕ ಬಂದ್ವು. ಬೇರೆ ದಿನ ಆಗಿದ್ರೆ ನಗ್ತಿದ್ವಿ.

ಎರಡನೇ ಒಗಟು: ಹಾಗಾದ್ರೆ ಲೊಕೇಶನ್ ಬದಲಾಯಿಸಿದಾಗ ಆಗಿದ್ದೇನು? ಇದನ್ನ ಹರಪನಹಳ್ಳಿಯವನು ಎಲ್ಲರಿಗಿಂತ ಮೊದಲು ಅರ್ಥ ಮಾಡ್ಕೊಂಡ. ಅವನ ಊರಿನ ಕಥೆಯೇ ಅದು. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯ್ತು. 2018ರಲ್ಲಿ ಅದನ್ನ ಮತ್ತೆ ಬಳ್ಳಾರಿಗೆ ಸೇರಿಸೋ ತೀರ್ಮಾನ ಆಯ್ತು, ಅದರಿಂದಲೇ 371ಜೆ ಸೌಲಭ್ಯ ಆ ತಾಲ್ಲೂಕಿನವರಿಗೂ ಸಿಗೋ ಹಾಗಾಯ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಬಂತು. ಇಷ್ಟೆಲ್ಲ ಆದ್ರೂ ಊರು ಒಂದು ಗೇಣೂ ಕದಲಿಲ್ಲ. ಬದಲಾಗಿದ್ದು ಗೆಜೆಟ್‌ನಲ್ಲಿ ಬರೆದ ಸಾಲು. ಹಳೇ ಕಾಗದಪತ್ರ ತಾವಾಗೇ ಬಸ್ ಹತ್ತಿ ಹೊಸ ಜಿಲ್ಲಾ ಕೇಂದ್ರಕ್ಕೆ ಬರಲ್ಲ, ಯಾರಾದ್ರೂ ಹೊತ್ತು ತರಬೇಕು. ವಿಂಡೋಸ್‌ನಲ್ಲೂ ಹಾಗೇ. ಲೊಕೇಶನ್ ಬದಲಾಯಿಸಿದ್ರೆ ರಿಜಿಸ್ಟ್ರಿಯಲ್ಲಿ ಯೂಸರ್ ಶೆಲ್ ಫೋಲ್ಡರ್ಸ್ ಅನ್ನೋ ಕಡೆ ಒಂದು ಸಾಲು ಬದಲಾಗುತ್ತೆ: ಇನ್ನು ಮೇಲೆ ಮ್ಯೂಸಿಕ್ ಅಂದ್ರೆ ಡಿ ಡ್ರೈವ್‌ನ ಇಂಥ ಜಾಗ. ಹಳೇ ಫೈಲ್‌ಗಳನ್ನು ಹೊತ್ತು ತರಲೇ ಅಂತ ಅದು ಕೇಳಿತ್ತು. ನಾವು ನೋ ಅಂದು ಊಟಕ್ಕೆ ಹೋಗಿದ್ವಿ.

ಅಂದ್ರೆ ಸಿಯಲ್ಲಿದ್ದ 9 ಫೈಲ್ ಕಾಪಿ ಅಲ್ಲ. ಕಾಪಿ ಅನ್ನೋದೇ ಎಲ್ಲೂ ಆಗಿರಲಿಲ್ಲ. ಅವು ಒಂದೇ ಒಂದು ಪ್ರತಿ.

ನಡುವೆ ಒಂದು ಆಸೆ ಹುಟ್ಟಿ ಸತ್ತಿತು. ಅಡಗಿಸಿಟ್ಟ ಫೈಲ್‌ಗಳನ್ನೆಲ್ಲ ತೋರಿಸು ಅಂತ ಸೆಟ್ಟಿಂಗ್ ಬದಲಾಯಿಸಿದಾಗ ಡಾಕ್ಯುಮೆಂಟ್ಸ್ ಒಳಗೆ "ಮೈ ಮ್ಯೂಸಿಕ್" ಅಂತ ಮಸುಕಾದ ಇನ್ನೊಂದು ಫೋಲ್ಡರ್ ಕಂಡಿತು. ಎದೆ ಡವಗುಟ್ಟಿತು. ಒತ್ತಿದ್ರೆ ಒಳಗೆ ಬಿಡಲ್ಲ, ಅನುಮತಿ ಇಲ್ಲ ಅನ್ನುತ್ತೆ. ಇದ್ರೊಳಗೇ ಇದಾವೆ ಅಂತ ಅರ್ಧ ಗಂಟೆ ಗುದ್ದಾಡಿದ್ವಿ. ಆಮೇಲೆ ಗೊತ್ತಾಯ್ತು, ಅದು ಫೋಲ್ಡರೇ ಅಲ್ಲ, ಜಂಕ್ಷನ್. ವಿಂಡೋಸ್ ಎಕ್ಸ್‌ಪಿ ಕಾಲದ ಪ್ರೋಗ್ರಾಮ್‌ಗಳು ಹಳೇ ವಿಳಾಸ ಹುಡುಕಿಕೊಂಡು ಬಂದ್ರೆ ದಾರಿ ತೋರಿಸೋಕೆ ವಿಸ್ಟಾದಿಂದ ಈಚೆ ಇಟ್ಟಿರೋ ಕೈಮರ. ಅದರೊಳಗೆ ಏನೂ ಇರಲ್ಲ. ನಮ್ಮಲ್ಲಿ ಅದು ಕೈ ತೋರಿಸ್ತಿದ್ದದ್ದು ನಾವೇ ಖಾಲಿ ಮಾಡಿದ್ದ ಸಿಯ ಮ್ಯೂಸಿಕ್ ಕಡೆಗೆ.

ಮರುದಿನ ನಮ್ಮ ಲ್ಯಾಬ್‌ನ ಇನ್‌ಸ್ಟ್ರಕ್ಟರ್ ಸರ್ ಹತ್ರ ಹೋದ್ವಿ. ಅಳಿಸಿದ ಫೈಲ್ ಹುಡುಕೋ ಸಾಫ್ಟ್‌ವೇರ್ ಇರ್ತಾವಲ್ಲ ಸರ್ ಅಂದ್ವಿ. ಅವರು ಕೇಳಿದ ಮೊದಲ ಪ್ರಶ್ನೆ: "ಸಿ ಇರೋದು ಯಾವುದರ ಮೇಲೆ? ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ?" ಎಸ್‌ಎಸ್‌ಡಿ ಅಂದ ಕೂಡಲೇ ಅವರ ಮುಖ ನೋಡಿದ್ರೇ ಗೊತ್ತಾಯ್ತು.

ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಅಳಿಸಿದ್ರೆ ಆಗೋದು ಬರೀ ಪಟ್ಟಿಯಲ್ಲಿ ಹೆಸರಿನ ಮುಂದೆ "ಈ ಜಾಗ ಖಾಲಿ" ಅಂತ ಗುರುತು. ಡೇಟಾ ಇದ್ದಲ್ಲೇ ಇರುತ್ತೆ, ಮೇಲೆ ಬೇರೆ ಏನಾದ್ರೂ ಬರೆಯೋ ತನಕ. ಅದಕ್ಕೇ ರಿಕವರಿ ಸಾಫ್ಟ್‌ವೇರ್ ಹುಡುಕಿ ತೆಗೆಯೋಕಾಗುತ್ತೆ. ಎಸ್‌ಎಸ್‌ಡಿಯ ರೀತಿ ಬೇರೆ. ಅಲ್ಲಿ ಅಳಿಸಿದ ಕೂಡಲೇ ಆಪರೇಟಿಂಗ್ ಸಿಸ್ಟಮ್ ಟ್ರಿಮ್ ಅನ್ನೋ ಆಜ್ಞೆ ಕಳಿಸುತ್ತೆ, ಈ ಬ್ಲಾಕ್‌ಗಳು ಇನ್ನು ಬೇಡ ಅಂತ. ಎಸ್‌ಎಸ್‌ಡಿಯ ಕಂಟ್ರೋಲರ್ ತನಗೆ ಬಿಡುವಾದಾಗ ಅವನ್ನ ನಿಜವಾಗ್ಲೂ ಒರೆಸಿಬಿಡುತ್ತೆ. ಫ್ಲ್ಯಾಶ್ ಮೆಮೊರಿಯಲ್ಲಿ ಒರೆಸದೆ ಮೇಲೆ ಬರೆಯೋಕಾಗಲ್ಲ, ಮೊದಲೇ ಒರೆಸಿಟ್ಟರೆ ಮುಂದೆ ಬೇಗ ಬರೀಬಹುದು, ಅದಕ್ಕೆ ಈ ಏರ್ಪಾಡು. ನಾವು ಅಳಿಸಿ ಒಂದು ತಿಂಗಳ ಮೇಲಾಗಿತ್ತು. ಸರ್ ಆದ್ರೂ ಪ್ರಯತ್ನ ಮಾಡಿದ್ರು. ಒಂದೆರಡು ಫೈಲ್ ಹೆಸರು ಸಿಕ್ಕಿದ್ವು. ಒಳಗೆ ಬರೀ ಸೊನ್ನೆ.

ಸ್ಪೀಡ್ ಜಾಸ್ತಿ ಅಂತ ಹೆಮ್ಮೆಪಡ್ತಿದ್ದ ಡ್ರೈವ್ ಮರೆಯೋದರಲ್ಲೂ ಸ್ಪೀಡ್ ಅಂತ ಅವತ್ತು ಗೊತ್ತಾಯ್ತು. ಅದೇ 9 ಫೈಲ್ ನಿಧಾನದ ಹಳೇ ಡಿಸ್ಕ್‌ನಲ್ಲಿದ್ದಿದ್ರೆ ಬಹುಶಃ ಒಂದಷ್ಟಾದ್ರೂ ವಾಪಸ್ ಸಿಗ್ತಿದ್ವು.

ಕೂಡ್ಲಿಗಿಯವನ ಫೋನಲ್ಲಿ? ಅದನ್ನ ಅವನು ಜುಲೈನಲ್ಲೇ ರೀಸೆಟ್ ಮಾಡಿದ್ದ, ಲ್ಯಾಪ್‌ಟಾಪ್‌ನಲ್ಲಿ ಇದೆಯಲ್ಲ ಅಂತ.

ಅಕ್ಕನಿಗೆ ಹೇಳಲೇಬೇಕಿತ್ತು. ಯಾರು ಹೇಳೋದು ಅಂತ ಎರಡು ದಿನ ತಳ್ಳಾಡಿ, ಕೊನೆಗೆ ಸ್ಪೀಕರ್ ಹಾಕಿ ಮೂವರೂ ಕೂತು ಫೋನ್ ಮಾಡಿದ್ವಿ. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಬೈದಿದ್ರೆ ಚೆನ್ನಾಗಿರ್ತಿತ್ತು. ಆಮೇಲೆ ಅಂದಳು: "ಆವತ್ತು ರಾತ್ರಿ ನೀವೇ ನನಗೆ ಒಂದಿಷ್ಟು ಕಳಿಸಿದ್ರಲ್ಲೋ ವಾಟ್ಸ್‌ಆ್ಯಪ್‌ನಾಗ. ಅಜ್ಜಿ ಪದ ಅಂತ. ನಾ ಯಾವೂ ತೆಗದಿಲ್ಲ."

ನಮಗೆ ನೆನಪೇ ಇರಲಿಲ್ಲ. ಅಕ್ಕ ವಾಪಸ್ ಕಳಿಸಿದಳು. ನಾಲ್ಕು ಫೈಲ್. ಒಂದು, ಎರಡು, ಮೂರು, ಎಂಟು. ಅವಳ ಫೋನಲ್ಲಿ ಆ ಫೈಲ್‌ಗಳಿಗೆ ರೆಕಾರ್ಡಿಂಗ್ ಅನ್ನೋ ಹೆಸರೂ ಇರಲಿಲ್ಲ. ತಾರೀಖು, ಅದರ ಮುಂದೆ ಒಂದು ನಂಬರು, ಅಷ್ಟೇ. ಒಂದೇ ಹೆಸರಿದ್ದದ್ದು ಬೇರೆ ಬೇರೆ ಆಗಿತ್ತು, ಬೇರೆ ಹೆಸರಿದ್ದದ್ದು ಅದೇ ಆಗಿತ್ತು. ಬೀಸೋ ಪದ ಹಾಕಿದ್ವಿ. ಹಿಂದೆ ಕೋಳಿ ಕೂಗೋದು ಕೇಳಿಸ್ತು. ಕೂಡ್ಲಿಗಿಯವನು ಎದ್ದು ವರಾಂಡಕ್ಕೆ ಹೋದ.

ಇನ್ನು ಐದು ಇಲ್ಲ.

ದೀಪಾವಳಿ ರಜೆಗೆ ಮತ್ತೆ ಆ ಹಳ್ಳಿಗೆ ಹೋದ್ವಿ. ಈ ಪದಗಳನ್ನ ಒಬ್ಬರೇ ಹಾಡಲ್ಲ. ಒಬ್ಬರು ಎತ್ತಿಕೊಟ್ರೆ ಇನ್ನೊಬ್ಬರು ಹಿಡೀಬೇಕು. ಅಜ್ಜಿ ಎತ್ತಿಕೊಟ್ಟದ್ದನ್ನ ಜೀವಮಾನ ಪೂರ್ತಿ ಹಿಡಿದವಳು ಎದುರು ಮನಿ ಅಜ್ಜಿ. ಅವಳ ಹತ್ರ ಹೋಗಿ ನಿಂತ್ವಿ. ತಪ್ಪು ಹೇಳ್ಕೊಂಡ್ವಿ. ಕಂಪ್ಯೂಟರ್ ಅಂತ ಹೇಳಿದ್ದು ಅವಳಿಗೆ ಎಷ್ಟು ತಿಳೀತೋ. "ಒಂದೇ ಹೆಸರಿನವು ಎರಡಿದ್ವು ಅಜ್ಜಿ, ಅದಾ ಇದು ಅಂತ ತಿಳ್ಕೊಂಡ್ವಿ" ಅಂದಾಗ ಮಾತ್ರ ತಟ್ಟನೆ, "ಯಾರ ಮನಿದು ಅಂತ ಕೇಳಬಾರದೇನ್ರೋ ಹುಚ್ಚ ಹುಡುಗ್ರಾ" ಅಂದಳು.

ಐದರಲ್ಲಿ ಮೂರು ಪದ ಅವಳಿಗೆ ಬರ್ತಿತ್ತು. ಹಾಡಿದಳು. ಅದೇ ಪದ, ಅದೇ ಧಾಟಿ, ಆದ್ರೆ ಅಲ್ಲಲ್ಲಿ ಸಾಲು ಬೇರೆ. ನಮ್ಮ ನೋಟ್‌ಬುಕ್‌ನಲ್ಲಿ ಅಜ್ಜಿ ಹೇಳಿದ್ದ ಕೆಲವು ಸಾಲು ಬರ್ಕೊಂಡಿದ್ವಿ, ತೋರಿಸಿ ಕೇಳಿದ್ವಿ. "ಅವಳು ಹಂಗ ಅಂತಿದ್ಳು, ನಾ ಹಿಂಗ ಅಂತೀನಿ. ನಮ್ಮವ್ವ ಹಿಂಗ ಹೇಳ್ತಿದ್ಳು." ಕನ್ನಡ ಸಂಘಕ್ಕೆ ಬರ್ತಿದ್ದ ಒಬ್ಬ ಮೇಷ್ಟ್ರು ಆಮೇಲೆ ಹೇಳಿದ್ರು, ಇದಕ್ಕೆ ಪಾಠಾಂತರ ಅಂತಾರೆ, ಜಾನಪದ ಸಂಗ್ರಹ ಮಾಡೋರು ಒಂದು ಪಾಠ ಸಿಕ್ಕಿದೆ ಅಂತ ಇನ್ನೊಂದನ್ನ ಬಿಸಾಕಲ್ಲ, ಎರಡನ್ನೂ ಇಟ್ಕೊಳ್ತಾರೆ ಅಂತ. ನಾವು ಮಾಡಿದ್ದು ಅದಕ್ಕೆ ಪೂರ್ತಿ ಉಲ್ಟಾ.

ನಾಲ್ಕನೆಯ ಪದ ಕೇಳಿದ್ರೆ ಎದುರು ಮನಿ ಅಜ್ಜಿ ತಲೆ ಆಡಿಸಿದಳು. "ಅದು ನಮ್ಮೂರ ಪದ ಅಲ್ಲ. ಅವಳ ತವರಿಂದು. ಹಡಗಲಿ ಕಡೆ. ಮದುವೆ ಆಗಿ ಬರುವಾಗ ತಂದಿದ್ಳು. ಒಬ್ಬಾಕೇ ಹಾಡ್ತಿದ್ಳು."

ಐದನೆಯದು ಆರನೇ ನಂಬರಿನ ರೆಕಾರ್ಡಿಂಗ್. ಅದನ್ನ ಯಾರನ್ನೂ ಕೇಳೋ ಹಾಗಿಲ್ಲ. "ಇದರಾಗ ನನ್ನ ದನಿ ಕೂತೈತೇನ್ರೋ" ಅಂತ ಕೇಳಿದ್ದಕ್ಕೆ ಪಾಠಾಂತರ ಇಲ್ಲ.

ಈಗ ನಮ್ಮ ರೂಮಲ್ಲಿ ಕೆಲವು ಪದ್ಧತಿ ಇದಾವೆ. ಉಪದೇಶ ಅಂತ ಅಲ್ಲ, ಬೇಕಾದವರು ತಗೊಳ್ಳಿ.

ಒಂದು. ಒಂದೇ ಹೆಸರಿನ ಎರಡು ಫೋಲ್ಡರ್ ಕಂಡ್ರೆ ಮೊದಲು ಪೂರ್ತಿ ವಿಳಾಸ ನೋಡ್ತೀವಿ. ಕ್ಲೌಡ್ ಬ್ಯಾಕಪ್ ಆನ್ ಇದ್ರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಅನ್ನೋ ಹೆಸರುಗಳು ಒನ್‌ಡ್ರೈವ್ ಫೋಲ್ಡರಿನ ಒಳಗೂ ಇರಬಹುದು, ಅದನ್ನೂ ನೋಡ್ತೀವಿ.

ಎರಡು. ಎರಡು ಫೈಲ್ ಒಂದೇನಾ ಅಂತ ಹೆಸರಿಂದ ತೀರ್ಮಾನ ಮಾಡಲ್ಲ. ಸೈಜು, ತಾರೀಖು ನೋಡ್ತೀವಿ. ಅದೂ ಸಾಲದಿದ್ರೆ ಎಸ್‌ಎಚ್‌ಎ-256 ಹ್ಯಾಶ್ ತೆಗೀತೀವಿ. ಪವರ್‌ಶೆಲ್‌ನಲ್ಲಿ ಗೆಟ್ ಫೈಲ್‌ಹ್ಯಾಶ್ ಅನ್ನೋ ಕಮಾಂಡ್ ಮೊದಲಿಂದಲೇ ಇದೆ, ಬೇರೆ ಸಾಫ್ಟ್‌ವೇರ್ ಬೇಡ. ಒಂದು ಬಿಟ್ ವ್ಯತ್ಯಾಸ ಇದ್ರೂ ಹ್ಯಾಶ್ ಬೇರೆ ಬರುತ್ತೆ. ಕ್ಲಾಸಲ್ಲಿ ಕ್ರಿಪ್ಟೊಗ್ರಫಿಗೆ ಮಾತ್ರ ಅಂದ್ಕೊಂಡಿದ್ವಿ.

ಮೂರು. ಲೊಕೇಶನ್ ಬದಲಾಯಿಸುವಾಗ "ಯೆಸ್" ಒತ್ತಿ, ಮುಗಿಯೋ ತನಕ ಕಾಯ್ತೀವಿ. ಊಟ ತಣ್ಣಗಾದ್ರೂ ಪರವಾಗಿಲ್ಲ. ಹೊಸ ಜಾಗಕ್ಕೆ ಡಿ ಡ್ರೈವನ್ನೇ ನೇರವಾಗಿ ತೋರಿಸಬಾರದು, ಹಾಗೆ ಮಾಡಿದ್ರೆ ಇಡೀ ಡ್ರೈವೇ ಮ್ಯೂಸಿಕ್ ಆಗಿ ಕೂರುತ್ತೆ, ಬಿಡಿಸೋದು ತಲೆನೋವು. ಅದರೊಳಗೆ ಮ್ಯೂಸಿಕ್ ಅಂತಲೇ ಒಂದು ಫೋಲ್ಡರ್ ಮಾಡಿ ಅದನ್ನ ತೋರಿಸ್ಬೇಕು.

ನಾಲ್ಕು. ಉಬುಂಟು ಬಳಸೋ ಕನ್ನಡ ಸಂಘದವರಿಗೆ ಇದು. ಸಿಸ್ಟಮ್ ಭಾಷೆಯನ್ನ ಕನ್ನಡಕ್ಕೆ ಬದಲಾಯಿಸಿ ಲಾಗಿನ್ ಆದ್ರೆ, ಹೋಮ್‌ನಲ್ಲಿರೋ ಫೋಲ್ಡರ್‌ಗಳ ಹೆಸರನ್ನೂ ಹೊಸ ಭಾಷೆಗೆ ಬದಲಾಯಿಸಲೇ ಅಂತ ಕೇಳುತ್ತೆ. ಖುಷಿಯಲ್ಲಿ ಹೂಂ ಅಂದ್ರೆ ಕನ್ನಡ ಹೆಸರಿನ ಹೊಸ ಫೋಲ್ಡರ್ ಬರ್ತಾವೆ, ಆದ್ರೆ ಒಳಗಿರೋ ಫೈಲ್‌ಗಳನ್ನ ಅದು ಸಾಗಿಸಲ್ಲ. ಹಾಗಂತ ಆ ಕಿಟಕಿಯಲ್ಲೇ ಬರೆದಿರುತ್ತೆ, ನಾವು ಓದಲ್ಲ ಅಷ್ಟೇ. ಕನ್ನಡದ್ದೂ ಇಂಗ್ಲಿಷಿನದೂ ಎರಡೂ ನಿಲ್ತಾವೆ. ಇಂಗ್ಲಿಷಿನದು ಹಳೇದು ಅಂತ ಅಳಿಸಬೇಡಿ. ನಿಮ್ಮ ಫೈಲ್ ಇರೋದು ಅದರಲ್ಲೇ.

ಐದು. ಮುಖ್ಯವಾದದ್ದರ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ನಮ್ಮ ಬೇರೆ ಊರಿನ ಪ್ರತಿ ಅಕ್ಕನ ಹತ್ರ ಇದೆ. ಅವಳು ಏನೂ ತೆಗೆಯಲ್ಲ.

ಆರು. ರೆಕಾರ್ಡಿಂಗ್ 1 ಅನ್ನೋ ಹೆಸರಲ್ಲಿ ಯಾವ ಫೈಲೂ ಇಡಲ್ಲ. ಹಾಡಿದವರು ಯಾರು, ಯಾವ ಊರು, ಯಾವ ದಿನ, ಯಾರ ಫೋನು, ಇಷ್ಟೂ ಹೆಸರಲ್ಲೇ ಇರುತ್ತೆ. ಉದ್ದ ಆಗುತ್ತೆ. ಆಗ್ಲಿ.

ಈಗ ನಮ್ಮ ಹತ್ರ ಇರೋದು ಅಜ್ಜಿಯ 17 ರೆಕಾರ್ಡಿಂಗ್, ಎದುರು ಮನಿ ಅಜ್ಜಿಯ 3. ರಾಜ್ಯೋತ್ಸವದ ದಿನ ಬೀಸೋ ಪದ ಹಾಕಿದ್ವಿ, ನಿಮ್ಮಲ್ಲಿ ಕೆಲವರು ಕೇಳಿದೀರಿ. ಅದರ ಹಿಂದಿನ ಕಥೆ ಆವತ್ತು ಹೇಳೋ ಧೈರ್ಯ ಇರಲಿಲ್ಲ.

ಈ ಸೆಮಿಸ್ಟರ್ ಮುಗಿದ ಮೇಲೆ ಹಡಗಲಿ ಕಡೆ ಹೋಗೋದು ಅಂತ ಇದೆ. ಅಜ್ಜಿಯ ತವರಿನಲ್ಲಿ ಅವಳ ತಂಗಿಯೊಬ್ಬಳು ಇದ್ದಾಳಂತೆ, ವಯಸ್ಸಾಗಿದೆಯಂತೆ. ಆ ಪದ ಅವಳಿಗೆ ಬರುತ್ತೋ ಇಲ್ಲವೋ ಗೊತ್ತಿಲ್ಲ. ಜೂನಿಯರ್‌ಗಳಲ್ಲಿ ಹೂವಿನಹಡಗಲಿ ಕಡೆಯವರು ಯಾರಾದ್ರೂ ಇದ್ರೆ ಸಂಘದ ರೂಮಿಗೆ ಬಂದು ಸಿಗಿ, ದಾರಿ ಕೇಳೋದಿದೆ. ನಿಮ್ಮ ಹೆಸರು ಕೊಟ್ರೇಶ ಆಗಿದ್ರೆ, ಯಾರ ಮನಿ ಕೊಟ್ರೇಶ ಅಂತ ಮೊದಲೇ ಹೇಳಿಬಿಡಿ.